ಫ್ರೇಮಣ್ಣ ಹುಟ್ಟಿಸಿದ ಮನುಷ್ಯ

ನಮ್ಮ ಫ್ರೇಮಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಅವನು ಮಾಡುವ ಘನಕಾರ್ಯ ನೋಡಿದರೆ ನಿಮಗೆ ಅನುಮಾನ ಬಂದರೂ ಬರಬಹುದು. ಊರಿನಲ್ಲಿ ಯಾರಿಗೆ ಸನ್ಮಾನವಾದರೂ ಅವರ ಅಭಿನಂದನಾ ಪತ್ರಕ್ಕೆ ಗಾಜು ಹಾಕಿ ಕಟ್ಟು ಕಟ್ಟಿಕೊಡುವುದು ಅವನ ಕಸುಬು. ಈಜಿನಲ್ಲಿ ಗೆದ್ದವರು, ರಕ್ತ ಕೊಟ್ಟವರು, ನಿವೃತ್ತರಾದವರು, ನಾಯಿ ಚೆನ್ನಾಗಿ ಸಾಕಿದವರು, ಎಲ್ಲರೂ ಅವನ ಅಂಗಡಿಗೇ ಬರಬೇಕು. ಅವನು ಪತ್ರದ ಹಿಂದೆ ರಟ್ಟು ಕೊಟ್ಟು, ಸಣ್ಣ ಮೊಳೆ ಹೊಡೆದು, ಗಾಜಿನ ಮೇಲೆ ಉಸಿರು ಬಿಟ್ಟು ಒರೆಸಿ, ತೋಳಳತೆಯ ದೂರದಲ್ಲಿ ಹಿಡಿದು ಓದುತ್ತಿದ್ದ. ಇಡೀ ಊರಿನ ಕೀರ್ತಿಗೆ ಮೊಳೆ ಹೊಡೆದವನ ಹೆಸರು ಮಾತ್ರ ಯಾವ ಗಾಜಿನ ಹಿಂದೆಯೂ ಇರಲಿಲ್ಲ.

ಅಂಗಡಿಯ ಅತಿ ದೊಡ್ಡ ಗಿರಾಕಿ ಅಂದರೆ ಅವನ ಹೆಂಡತಿಯ ಅಣ್ಣ, ಭಾವನವರು. ಅವರ ಹಜಾರದ ಗೋಡೆಗೆ ಬಣ್ಣ ಹೊಡೆಸುವ ಪ್ರಸಂಗವೇ ಬರುತ್ತಿರಲಿಲ್ಲ, ಬಣ್ಣ ಕಾಣುವ ಜಾಗವೇ ಇರಲಿಲ್ಲ. ಅಷ್ಟೊಂದು ಪತ್ರಗಳು. ಭಾವನವರು ಎತ್ತರದ ಆಳು, ಬೇಸಿಗೆಯಲ್ಲೂ ಕೋಟು, ಕೋಟಿನ ಜೇಬಿನಲ್ಲಿ ಎರಡೂ ಕೈ. ಈಚೆಗಂತೂ ಯಾರಿಗೂ ಕೈ ಕೊಟ್ಟು ಮಾತಾಡಿಸಿದ್ದನ್ನು ಕಂಡವರಿಲ್ಲ, ತಲೆ ತುಸು ಬಗ್ಗಿಸಿದರೆ ಅದೇ ದೊಡ್ಡದು. ಒಡಹುಟ್ಟಿದ ತಂಗಿಯ ಮನೆಗೆ ಊಟಕ್ಕೆ ಬರುವುದನ್ನೂ ಬಿಟ್ಟು ವರ್ಷವೇ ಕಳೆದಿತ್ತು. ಕರೆದಾಗಲೆಲ್ಲ ಏನಾದರೊಂದು ನೆಪ. ಫ್ರೇಮಣ್ಣನ ಹೆಂಡತಿ ಅಡುಗೆ ಮಾಡಿಟ್ಟುಕೊಂಡು ಕಾದು, ಕೊನೆಗೆ ತಾನೂ ಉಣ್ಣದೆ ಎದ್ದ ದಿನಗಳಿದ್ದವು. ಕಟ್ಟು ಹಾಕುವವನ ಮನೆಯ ತಟ್ಟೆ ಅಣ್ಣನಿಗೆ ಈಗ ಹಿಡಿಸುತ್ತಿಲ್ಲ ಅಂತ ಅವಳ ತೀರ್ಮಾನ. ಹೇಳುವಾಗ ಗಂಡನ ಮುಖ ನೋಡುತ್ತಿರಲಿಲ್ಲ, ಆದರೂ ಅವನಿಗೆ ನೋಡಿದ ಹಾಗೇ ಆಗುತ್ತಿತ್ತು.

ಈ ಭಾವನವರು ಊರಿನ ನೆರವು ಒಕ್ಕೂಟದ ಅಧ್ಯಕ್ಷರು. ಒಕ್ಕೂಟ ಅಂದರೆ ಏನು ಅಂತ ಎರಡು ಮಾತು ಹೇಳಬೇಕು. ಊರಿನಲ್ಲಿ ಸಹಾಯ ಮಾಡುವವರಿಗೆ ಬರ ಇರಲಿಲ್ಲ. ಕನ್ನಡಕ ಕೊಡುವವರಿದ್ದರು, ಗಾಲಿಕುರ್ಚಿ ಕೊಡುವವರಿದ್ದರು, ಮನೆಗೆ ಊಟ ಮುಟ್ಟಿಸುವವರಿದ್ದರು, ಕೋರ್ಟು ಕಚೇರಿಯ ದಾರಿ ತೋರಿಸುವವರಿದ್ದರು, ಸುಮ್ಮನೆ ಬಂದು ಕೂತು ಮಾತಾಡಿಸಿ ಹೋಗುವುದಕ್ಕೇ ಒಂದು ಸಂಘವಿತ್ತು. ಬರ ಇದ್ದದ್ದು ಸಹಾಯ ಬೇಕು ಅನ್ನುವವರಿಗೆ. ಬೇಕಾದವರಿಗೆ ಕೊಡುವವರ ಗುರುತಿಲ್ಲ, ಗುರುತಿದ್ದರೂ ಬಾಯಿಬಿಟ್ಟು ಕೇಳಲು ಮರ್ಯಾದೆ ಅಡ್ಡ. ಈ ಎರಡು ಕಡೆಯವರನ್ನೂ ಜೋಡಿಸುವುದಕ್ಕೆ ಹುಟ್ಟಿದ್ದು ಒಕ್ಕೂಟ. ಅಲ್ಲಿಯ ಕಟ್ಟಳೆ ವಿಚಿತ್ರ: ಯಾರೂ ತನಗಾಗಿ ಕೇಳುವಂತಿಲ್ಲ, ಪಕ್ಕದವರಿಗಾಗಿ ಕೇಳಬೇಕು. ಬಹಳ ತಲೆ ಓಡಿಸಿ ಮಾಡಿದ ಕಟ್ಟಳೆ, ಯಾಕೆಂದರೆ ಪಕ್ಕದವರ ಕಷ್ಟ ಹೇಳುವಾಗ ಯಾರಿಗೂ ನಾಲಿಗೆ ತೊದಲುವುದಿಲ್ಲ.

ಒಂದು ಮಧ್ಯಾಹ್ನ ಒಕ್ಕೂಟದ ಸಂಚಾಲಕಿ ಅಂಗಡಿಗೆ ಬಂದಳು. ಹಿಂದೆ ನರ್ಸ್ ಆಗಿದ್ದ ಚುರುಕು ಹೆಂಗಸು, ಮೆತ್ತಗೆ ಮಾತಾಡಿದರೂ ಎದುರಿನವರು ತಾವಾಗಿ ನಾಲಿಗೆ ಚಾಚಿ ತೋರಿಸಬೇಕು, ಅಂಥವಳು. ಅವಳ ಕೈಯಲ್ಲಿ ಹಾಲು ಹಾಕುವವನ ಹೆಸರಿನ ಅಭಿನಂದನಾ ಪತ್ರವಿತ್ತು. ಯಾರ ಕಣ್ಣಿಗೂ ಬೀಳದವರನ್ನು ಕಂಡು ಒಕ್ಕೂಟಕ್ಕೆ ಮುಟ್ಟಿಸಿದವರಿಗೆ ಇದು ಅಂತ ವಿವರಿಸಿದಳು. ಫ್ರೇಮಣ್ಣನ ಕಿವಿ ನೆಟ್ಟಗಾದವು. ಈಜಬೇಕಾಗಿಲ್ಲ, ರಕ್ತ ಕೊಡಬೇಕಾಗಿಲ್ಲ, ನಾಯಿ ಸಾಕಬೇಕಾಗಿಲ್ಲ. ಸುಮ್ಮನೆ ನೋಡಿದರೆ ಸಾಕು. ಹುಟ್ಟಿದಾಗಿನಿಂದ ನೋಡುತ್ತಲೇ ಇರುವ ತನಗೆ ಇದು ಇಷ್ಟು ದಿನ ತಪ್ಪಿಹೋದದ್ದಾದರೂ ಹೇಗೆ ಅಂತ ಅವನಿಗೆ ಸೋಜಿಗವಾಯಿತು.

ಮಾರನೆಯ ದಿನದಿಂದ ಬೀದಿ ನೋಡತೊಡಗಿದ. ಆದರೆ ಅವನ ದುರದೃಷ್ಟಕ್ಕೆ ಎಲ್ಲರೂ ಸುಖವಾಗಿದ್ದರು. ಎದುರುಮನೆಯ ಹೆಡ್‌ಮೇಡಂ, ಅಂದರೆ ಅವನಿಗೇ ಅಕ್ಷರ ಕಲಿಸಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ, ಜಗಲಿಯ ಮೇಲೆ ಕೂತು ಯಥಾಪ್ರಕಾರ ಪತ್ರಿಕೆ ಓದುತ್ತಿದ್ದರು. ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಡ್ರಿಲ್ ಮಾಸ್ಟರು ಬಾಲ್ಕನಿಯಿಂದಲೇ ಸೀಟಿ ಊದಿ ಬೀದಿಯ ಸೈಕಲ್ಲುಗಳಿಗೆ ದಾರಿ ತೋರಿಸುತ್ತಿದ್ದರು. ಒಬ್ಬರ ಮುಖದಲ್ಲಾದರೂ ಚೂರು ಸಂಕಟ ಬೇಡವೇ? ಇಂಥ ದರಿದ್ರ ಬೀದಿಯಲ್ಲಿ ಮನೆ ಮಾಡಿದೆನಲ್ಲ ಅಂತ ಫ್ರೇಮಣ್ಣ ಹಣೆ ಚಚ್ಚಿಕೊಂಡ.

ಬರಿಗೈಯಲ್ಲೇ ಒಕ್ಕೂಟದ ಸಭೆಗೆ ಹೋದ. ಶಾಲೆಯ ಊಟದ ಹಾಲ್‌ನಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಮಕ್ಕಳ ಕುರ್ಚಿಗಳಾದ್ದರಿಂದ ಊರಿನ ಗಣ್ಯರೆಲ್ಲ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದರು. ಭಾವನವರೊಬ್ಬರಿಗೇ ದೊಡ್ಡ ಕುರ್ಚಿ. ಸಂಚಾಲಕಿಯ ಕೈಯಲ್ಲಿ ಹಸಿರು ಉಲ್ಲನ್ನಿನ ದೊಡ್ಡ ಉಂಡೆ. ಅಲ್ಲಿಯ ಪದ್ಧತಿ ಹೀಗಿತ್ತು: ಪಕ್ಕದವರ ಕಷ್ಟ ಹೇಳುವವರು ದಾರದ ತುದಿ ಹಿಡಿಯಬೇಕು. ಅದಕ್ಕೆ ತಮ್ಮಿಂದ ಆಗುತ್ತದೆ ಅನ್ನುವ ಸಂಸ್ಥೆಯವರು ಕೈ ಎತ್ತಿದರೆ ಉಂಡೆಯನ್ನು ಅವರ ಕಡೆ ಎಸೆಯಬೇಕು. ಅವರು ತಮ್ಮ ಪಾಲಿನ ದಾರ ಹಿಡಿದುಕೊಂಡು ಮುಂದಿನವರಿಗೆ ಎಸೆಯಬೇಕು. ಸಭೆ ಮುಗಿದ ಮೇಲೆ ಆ ದಾರದಿಂದ ಒಂದೊಂದು ತುಂಡು ಕತ್ತರಿಸಿ ಮಣಿಕಟ್ಟಿಗೆ ಕಟ್ಟಿಕೊಂಡು ಹೋಗುವುದು, ಕೆಲಸ ಆಗುವ ತನಕ ಬಿಚ್ಚುವಂತಿಲ್ಲ. ಅಧ್ಯಕ್ಷರ ಕಡೆ ಉಂಡೆ ಎಸೆಯುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಹೂವಿನಂಗಡಿಯವಳು ಪಕ್ಕದ ಬಾಣಂತಿಯ ಕಷ್ಟ ಹೇಳಿದಳು. ಉಂಡೆ ಮೂರು ಕೈ ದಾಟಿತು, ಎಲ್ಲರೂ ಭೇಷ್ ಅಂದರು. ಫ್ರೇಮಣ್ಣನ ಸರದಿ ಬಂದು ತುದಿ ಕೈಗೆ ಸಿಕ್ಕಿತು. ನಮ್ಮ ಬೀದಿಯಲ್ಲಿ ಎಲ್ಲರೂ ಕ್ಷೇಮ ಅಂತ ಹೇಳಿ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಎದುರಿಗೆ ಭಾವನವರು ಕೋಟಿನ ಜೇಬಿನಲ್ಲಿ ಕೈಯಿಟ್ಟು ಇವನೇನು ಹೇಳಿಯಾನು ಅನ್ನುವಂತೆ ನೋಡುತ್ತಿದ್ದರು. ಫ್ರೇಮಣ್ಣನ ಬಾಯಿ ತಾನಾಗಿ ತೆರೆದುಕೊಂಡಿತು.

"ನಮ್ಮ ಬೀದೀಲಿ ಒಬ್ಬರಿದ್ದಾರೆ," ಅಂದ. "ಯಾರಿಗೂ ಬಾಗಿಲು ತೆಗೆಯಲ್ಲ."

ಸಭೆ ಮುಂದಕ್ಕೆ ಬಾಗಿತು. ಇಷ್ಟು ಜನ ಒಟ್ಟಿಗೆ ತನ್ನ ಮಾತಿಗೆ ಕಾದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಒಂಟಿ ಜೀವ ಅಂದ. ಮಾತಾಡಿಸುವ ಸಂಘದವರು ಕೈ ಎತ್ತಿದರು, ಉಂಡೆ ಹಾರಿತು. ಕಣ್ಣು ಕಾಣಿಸುವುದಿಲ್ಲ, ಆದರೂ ಓದುವ ಹಾಗೆ ನಟಿಸುತ್ತಾರೆ ಅಂದ. ಕನ್ನಡಕದವರು ಹಿಡಿದರು. ಮೆಟ್ಟಿಲು ಇಳಿಯಲಾರರು ಅಂದ, ಗಾಲಿಕುರ್ಚಿಯವರು ಹಿಡಿದರು. ಊಟದವರು ಊಟದ ಗತಿಯೇನು ಅಂತ ಕೇಳಿದಾಗ, ಯಾರ ಎದುರೂ ಉಣ್ಣುವುದಿಲ್ಲ, ಏನೋ ನಾಚಿಕೆ, ದಿನಾ ನಾನೇ ತಟ್ಟೆ ಇಟ್ಟು ಬರುತ್ತೇನೆ ಅಂತ ಸೇರಿಸಿದ. ಕೋರ್ಟಿನವರು ಖಾಲಿ ಕೂತಿದ್ದನ್ನು ಕಂಡು ಕನಿಕರವಾಗಿ ಒಂದು ಆಸ್ತಿ ತಕರಾರನ್ನೂ ಹಾಕಿದ. ಒಬ್ಬ ಮನುಷ್ಯನಿಗೆ ಇಷ್ಟೆಲ್ಲ ಕಷ್ಟ ಒಟ್ಟಿಗೆ ಬರಬೇಕಾದರೆ ಅವನೇ ನಿಂತು ಬಹಳ ಶ್ರಮಪಡಬೇಕು. ಆದರೆ ಸಭೆಯಲ್ಲಿ ಯಾರೂ ನಗಲಿಲ್ಲ. ಹಾಲ್ ತುಂಬ ಹಸಿರು ದಾರ ಅಡ್ಡಡ್ಡ ಹರಡಿತ್ತು, ಹಿಡಿದವರೆಲ್ಲ ಅವನ ಮುಖವನ್ನೇ ನೋಡುತ್ತಿದ್ದರು. ಕನ್ನಡಕದ ಸಂಸ್ಥೆಯ ಮುದುಕರೊಬ್ಬರು ಕಣ್ಣೊರೆಸಿಕೊಂಡರು.

ಹೆಸರೇನು ಅಂತ ಸಂಚಾಲಕಿ ಕೇಳಿದಳು. ಫ್ರೇಮಣ್ಣ, ಹೆಸರು ಹೇಳಬಾರದು ಅಂತ ಮಾತು ಕೊಟ್ಟಿದ್ದೇನೆ ಅಂದ. ಆ ಮಾತಿಗೆ ಚಪ್ಪಾಳೆ ಬಿತ್ತು. ಮುಂದಿನ ಸಭೆಯೊಳಗೆ ಅವರ ಮನಸ್ಸು ಒಲಿಸಿ ಕರೆತರಬೇಕು, ಪತ್ರ ಆವತ್ತೇ ಅಂತ ನಿರ್ಣಯವಾಯಿತು. ಭಾವನವರು ಚಪ್ಪಾಳೆ ತಟ್ಟಲಿಲ್ಲ. ಮುಖ ಬಿಳಿಚಿಕೊಂಡಿತ್ತು. ಹೊಟ್ಟೆಕಿಚ್ಚು ಅಂತ ಫ್ರೇಮಣ್ಣ ಅರ್ಥ ಮಾಡಿಕೊಂಡು ಒಳಗೊಳಗೇ ಹಿಗ್ಗಿದ.

ಮೊದಲ ಏಟು ಬಿದ್ದದ್ದು ಮನೆಯಲ್ಲೇ. ಹೂವಿನಂಗಡಿಯವಳು ಹೆಂಡತಿಯನ್ನು ದಾರಿಯಲ್ಲಿ ನಿಲ್ಲಿಸಿ, ನಿಮ್ಮ ಯಜಮಾನರು ದಿನಾ ಒಬ್ಬರಿಗೆ ತಟ್ಟೆ ಊಟ ಒಯ್ದು ಕೊಡುತ್ತಾರಂತಲ್ಲ, ಎಂಥ ಪುಣ್ಯವಂತೆ ನೀವು ಅಂದಿದ್ದಳು. ಪುಣ್ಯವಂತೆ ಮನೆಗೆ ಬಂದವಳೇ ಸೌಟು ಕೈಗೆತ್ತಿಕೊಂಡಳು. ಅವರು ಗಂಡಸೋ ಹೆಂಗಸೋ ಅನ್ನುವುದನ್ನು ಮೊದಲು ಹೇಳಿ, ಮಿಕ್ಕದ್ದು ಆಮೇಲೆ ಅಂದಳು. ಇದನ್ನು ಫ್ರೇಮಣ್ಣ ಯೋಚಿಸಿಯೇ ಇರಲಿಲ್ಲ. ಸೌಟು ನೋಡಿ ನಿಜ ಬಾಯಿಬಿಟ್ಟ. ಗಂಡಸೂ ಅಲ್ಲ ಹೆಂಗಸೂ ಅಲ್ಲ ಕಣೆ, ಅಂಥವರು ಯಾರೂ ಇಲ್ಲ, ನಾನೇ ಹುಟ್ಟಿಸಿದೆ ಅಂದ. ಅವಳು ಗಂಡನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ನಗುವುದಕ್ಕೆ ಶುರು ಮಾಡಿ, ನಿಲ್ಲಲಾರದೆ ನೆಲದ ಮೇಲೆ ಕೂತಳು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: "ಇಲ್ಲದವರಿಗೆ ಊಟ ಕೊಟ್ಟೆ ಅಂತ ಊರಿಗೆಲ್ಲ ಹೇಳಿ ಬಂದ್ರಿ. ಇರೋ ಅಣ್ಣ ಕರೆದರೂ ಬರಲ್ಲ." ಕಣ್ಣೊರೆಸುವುದು ಆಮೇಲೂ ನಿಲ್ಲಲಿಲ್ಲ.

ಎರಡು ದಿನ ಹೋಗಲಿ, ಎಲ್ಲರೂ ಮರೆಯುತ್ತಾರೆ ಅಂತ ಫ್ರೇಮಣ್ಣನ ಲೆಕ್ಕ. ಆದರೆ ಆ ಹಸಿರು ದಾರ ಊರಿಗೆ ಇಳಿದುಬಿಟ್ಟಿತ್ತು. ಸಂಸ್ಥೆಯವರು ತಮ್ಮ ಕೆಲಸದವರಿಗೆ ಹೇಳಿದ್ದರು, ಅವರು ತಮ್ಮ ಮನೆಯವರಿಗೆ ಹೇಳಿದ್ದರು. ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರನ ಮಣಿಕಟ್ಟಿನಲ್ಲಿ ಹಸಿರು ದಾರ. ಔಷಧಿ ಅಂಗಡಿಯವನ ಕೈಯಲ್ಲೂ ಅದೇ. ಕ್ಷೌರಕ್ಕೆ ಹೋಗಿ ಕತ್ತು ಚಾಚಿ ಕೂತರೆ, ಕತ್ತಿಯನ್ನು ಗಂಟಲ ಮೇಲೆ ಆಡಿಸುತ್ತಿದ್ದ ಕೈಗೂ ದಾರ. ನಿಮ್ಮ ಆ ಒಬ್ಬರು ಬಾಗಿಲು ತೆಗೆದರಾ ಅಂತ ಕ್ಷೌರಿಕ ಕೇಳಿದ. ಫ್ರೇಮಣ್ಣನಿಗೆ ತಲೆಯಾಡಿಸುವುದಕ್ಕೂ ಧೈರ್ಯವಾಗಲಿಲ್ಲ. ಕ್ಷೌರಿಕ ತಾನಾಗಿ ಹೇಳಿದ, ಅವರ ಕೂದಲು ಬೆಳೆದಿರಬಹುದು, ಕರೆದರೆ ಮನೆಗೇ ಬಂದು ಕತ್ತರಿಸಿ ಬರುತ್ತೇನೆ ಅಂತ.

ಫ್ರೇಮಣ್ಣ ಅರ್ಧ ಬೋಳಿಸಿದ ಗಲ್ಲವನ್ನು ಕನ್ನಡಿಯಲ್ಲಿ ನೋಡುತ್ತ ಕೂತ. ಇಲ್ಲದ ಮನುಷ್ಯನೊಬ್ಬನ ಕೂದಲಿನ ಬಗ್ಗೆ ಚಿಂತೆ ಮಾಡುವ ಜನ ಈ ಊರಿನಲ್ಲಿದ್ದಾರೆ ಅನ್ನುವುದು ಅವನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಮೈಯೆಲ್ಲ ಜುಮ್ಮೆಂದಿತು. ಹೆದರಿಕೆಯೋ ಬೇರೇನೋ ಹೇಳುವುದು ಕಷ್ಟ.

ಆ ಸಂಜೆ ಹೆಡ್‌ಮೇಡಂ ಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಬಂದರು. ಹಿಂದೊಮ್ಮೆ ಮಗ್ಗಿ ತಪ್ಪಿದಾಗ ನೋಡಿದ್ದ ಅದೇ ನೋಟ. ನನ್ನ ವಿಷಯವನ್ನು ಸಭೆಯಲ್ಲಿ ಹೇಳು ಅಂತ ನಿನಗೆ ಯಾರು ಹೇಳಿದ್ದು ಅಂತ ಕೇಳಿದರು. ಯಾವ ವಿಷಯ ಮೇಡಂ ಅಂದ. ಓದುವ ಹಾಗೆ ನಟಿಸುವ ವಿಷಯ ಅಂದರು. ಫ್ರೇಮಣ್ಣ ಅವರ ಕೈಯಲ್ಲಿದ್ದ ಪತ್ರಿಕೆ ನೋಡಿದ. ಹೋದ ಬೇಸಿಗೆಯದು. ಮೇಡಂ ಒಂದಷ್ಟು ಹೊತ್ತು ಗದರಿಸಿ, ಹೆಸರು ಹೇಳಿದರೆ ಚರ್ಮ ಸುಲಿಯುತ್ತೇನೆ ಅಂತ ಎಚ್ಚರಿಸಿ, ಬಾಗಿಲ ತನಕ ಹೋಗಿ ತಿರುಗಿ ನಿಂತರು. "ಆ ಕನ್ನಡಕದವರು," ಅಂತ ಮೆಲ್ಲಗೆ ಕೇಳಿದರು, "ಮನೆಗೇ ಬರ್ತಾರೇನೋ?"

ಅವರು ರಸ್ತೆ ದಾಟುವ ಮೊದಲೇ ಮೇಲಿನಿಂದ ಸೀಟಿ. ಡ್ರಿಲ್ ಮಾಸ್ಟರು ಕರೆಯುತ್ತಿದ್ದರು. ಮಹಡಿ ಹತ್ತಿದರೆ, ನೆಟ್ಟಗೆ ನಿಲ್ಲು ಅಂತ ಅಪ್ಪಣೆ ಕೊಟ್ಟು, ತಮ್ಮ ಮೊಣಕಾಲಿನ ಗುಟ್ಟು ಹೊರಗೆ ಹೋದದ್ದು ಹೇಗೆ ಅಂತ ವಿಚಾರಣೆ ಶುರು ಮಾಡಿದರು. ಅವರು ಮೆಟ್ಟಿಲು ಇಳಿದು ನೆಲ ತುಳಿಯದೆ ಎಷ್ಟೋ ಕಾಲವಾಗಿತ್ತಂತೆ. ಅದು ಯಾರಿಗೂ ತಿಳಿಯದಿರಲಿ ಅಂತಲೇ ಬಾಲ್ಕನಿಯಲ್ಲಿ ಅಷ್ಟು ಜೋರು ಸೀಟಿ. ಆಮೇಲೆ ಚಪ್ಪಲಿ ಅಂಗಡಿಯವನು ಬಂದ, ಹೊಲಿಗೆಯವಳು ಬಂದಳು. ಒಬ್ಬೊಬ್ಬರೂ ಅಕ್ಕಪಕ್ಕ ನೋಡಿ ಒಳಗೆ ಬಂದು, ಸಭೆಯಲ್ಲಿ ಹೇಳಿದ್ದು ನನ್ನನ್ನೇ ತಾನೆ ಅಂತ ಪಿಸುಗುಟ್ಟಿ, ಹೆಸರು ಬೇಡ ಅಂತ ಕೈ ಹಿಡಿದು ಹೋದರು. ಆಸ್ತಿ ತಕರಾರಿಗೂ ಒಬ್ಬರು ಗಿರಾಕಿ ಸಿಕ್ಕಿದರು.

ಫ್ರೇಮಣ್ಣ ಸ್ಟೂಲಿನ ಮೇಲೆ ಕುಸಿದು ಕೂತ. ಒಬ್ಬನನ್ನೂ ಕಾಣದೆ ಕತೆ ಕಟ್ಟಿದ್ದ. ನೋಡಿದರೆ ಆ ಒಬ್ಬ ಬೀದಿಯ ತುಂಬ ಇದ್ದ, ಮಹಡಿಯ ಮೇಲಿದ್ದ, ಎದುರು ಜಗಲಿಯಲ್ಲಿದ್ದ, ದಿನ ಬೆಳಗಾದರೆ ಇವನಿಗೆ ತಲೆಯಾಡಿಸಿ ಚೆನ್ನಾಗಿದ್ದೀಯಾ ಅಂತ ಕೇಳುತ್ತಿದ್ದ. ಇಷ್ಟು ವರ್ಷ ಇವರೆಲ್ಲರ ಮಧ್ಯೆ ತಾನು ಎಲ್ಲಿ ನೋಡುತ್ತಿದ್ದೆ ಅಂತ ಯೋಚಿಸಿದರೆ ತಲೆ ಗಿರ್ ಅನ್ನುತ್ತಿತ್ತು.

ಕೊನೆಗೆ ಬಂದವರು ಭಾವನವರು. ಬೀದಿಯೆಲ್ಲ ಊಟಕ್ಕೆ ಹೋಗಿದ್ದ ಹೊತ್ತು. ಅಂಗಡಿಯೊಳಗೆ ಬಂದು, ಶಟರ್ ಅರ್ಧ ಎಳೆ ಅಂದರು. ಫ್ರೇಮಣ್ಣ ಎಳೆದ. ಇವರು ತನ್ನ ಸುಳ್ಳು ಹಿಡಿದುಬಿಟ್ಟರು ಅಂತಲೇ ಅವನು ತಿಳಿದ. ಭಾವನವರು ಬಹಳ ಹೊತ್ತು ಗೋಡೆಗೆ ಒರಗಿಸಿಟ್ಟ ಖಾಲಿ ಕಟ್ಟುಗಳನ್ನು ನೋಡಿದರು. ಆಮೇಲೆ ಜೇಬಿನಿಂದ ಬಲಗೈ ಹೊರಗೆ ತೆಗೆದರು. ಕೈ ನಡುಗುತ್ತಿತ್ತು. ಸಣ್ಣ ನಡುಕವಲ್ಲ, ಯಾರೋ ಒಳಗಿಂದ ಹಿಡಿದು ಅಲ್ಲಾಡಿಸುತ್ತಿರುವ ಹಾಗೆ. ಎಡಗೈಯಿಂದ ಅದನ್ನು ಹಿಡಿಯಲು ಹೋದರು, ಎಡಗೈಯೂ ನಡುಗಿತು.

"ಯಾರ ಎದುರೂ ಉಣ್ಣಲ್ಲ ಅಂದೆಯಲ್ಲ," ಅಂದರು. "ಹೇಗೆ ಗೊತ್ತಾಯ್ತು?"

ಉತ್ತರಕ್ಕೆ ಭಾವನವರು ಕಾಯಲಿಲ್ಲ. ಚಮಚ ಬಾಯಿಗೆ ಹೋಗುವಷ್ಟರಲ್ಲಿ ಖಾಲಿಯಾಗಿರುತ್ತದೆ ಅಂದರು. ಮನೆಯಲ್ಲಿ ಬಾಗಿಲು ಹಾಕಿಕೊಂಡು ಟವಲ್ ಸುತ್ತಿಕೊಂಡು ತಿನ್ನುತ್ತಾರಂತೆ. ಕೈ ಕುಲುಕುವುದು ಬಿಟ್ಟರು, ಸಹಿ ಹಾಕುವುದು ಬಿಟ್ಟರು, ಜಂಬ ಅಂತ ಜನ ತಿಳಿದುಕೊಂಡರು, ಹಾಗೇ ತಿಳಿದುಕೊಳ್ಳಲಿ ಅಂತ ಬಿಟ್ಟರು. ತಂಗಿಗೆ ಹೇಳಬಾರದೇ ಭಾವ, ಅವಳು ಕೊರಗುತ್ತಿದ್ದಾಳೆ ಅಂತ ಫ್ರೇಮಣ್ಣ ಅಂದದ್ದಕ್ಕೆ ಅವರು ಆ ಕೈಯನ್ನೇ ಮುಂದೆ ಚಾಚಿದರು.

"ಅವಳಿಗೆ ಮೊದಲ ತುತ್ತು ತಿನ್ನಿಸಿದ ಕೈ ಇದು. ಅವಳ ಎದುರು ಚೆಲ್ಲಿಕೊಂಡು ತಿನ್ನಲಾ?"

ಫ್ರೇಮಣ್ಣ ಆ ಎತ್ತರದ ಮನುಷ್ಯನನ್ನು ನೋಡುತ್ತ ನಿಂತ. ಅವರ ಹಜಾರದ ಅಷ್ಟೂ ಪತ್ರಗಳಿಗೆ ಕಟ್ಟು ಹಾಕಿದವನು ತಾನೇ. ಒಂದೊಂದನ್ನೂ ಓದಿ ಹೊಟ್ಟೆ ಉರಿದುಕೊಂಡವನು ತಾನೇ.

ಭಾವನವರು ಬಂದದ್ದು ಇನ್ನೊಂದು ಸುದ್ದಿ ಹೇಳಲು. ಮುಂದಿನ ಸಭೆಯಲ್ಲೂ ಆ ವ್ಯಕ್ತಿ ಸಿಗದಿದ್ದರೆ ದಾರ ಕಟ್ಟಿಕೊಂಡವರೆಲ್ಲ ಸೇರಿ ಬೀದಿಯ ಮನೆಮನೆಯ ಬಾಗಿಲು ತಟ್ಟುವುದು ಅಂತ ಸಂಚಾಲಕಿ ಏರ್ಪಾಡು ಮಾಡಿದ್ದಳು. ಅಧ್ಯಕ್ಷನಾಗಿ ಬೇಡ ಅನ್ನುವ ಹಾಗಿಲ್ಲ. ಬಾಗಿಲು ತಟ್ಟಿದರೆ ಹೆಡ್‌ಮೇಡಂ ಸಿಕ್ಕಿಬೀಳುತ್ತಾರೆ, ಡ್ರಿಲ್ ಮಾಸ್ಟರು ಸಿಕ್ಕಿಬೀಳುತ್ತಾರೆ ಅಂತ ಫ್ರೇಮಣ್ಣನ ಚಿಂತೆ, ಬೀದಿಯ ಕೊನೆಯ ಮನೆ ತಮ್ಮದೇ ಅಂತ ಭಾವನವರ ಚಿಂತೆ. ಏನಾದರೂ ಮಾಡಿ ನನ್ನ ಮಾನ ಉಳಿಸು ಅಂತ ಭಾವನವರು ಕೇಳಿದರು. ಅವರು ಫ್ರೇಮಣ್ಣನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಸಭೆಯ ದಿನ ಹಾಲ್ ಕಿಕ್ಕಿರಿದಿತ್ತು. ಹೆಂಡತಿಯೂ ಬಂದು ಹಿಂದೆ ಕೂತಿದ್ದಳು, ಅಣ್ಣನ ಕಡೆ ನೋಡದ ಹಾಗೆ ಮುಖ ತಿರುಗಿಸಿಕೊಂಡು. ಹೆಡ್‌ಮೇಡಂ ಪತ್ರಿಕೆ ಬಿಡಿಸಿ ಹಿಡಿದಿದ್ದರು. ಮುಗಿಯದ ಕೆಲಸದ ದಾರವನ್ನು ಮತ್ತೆ ಹಾಕುವುದು ರೂಢಿ, ಹಾಗಾಗಿ ಉಂಡೆ ಹೊಸದಾಗಿ ಹಾರಾಡಿ ಹಾಲಿನ ಉದ್ದಗಲಕ್ಕೂ ದಾರ ಬಿಗಿಯಾಯಿತು. ಹೋದ ಸಲಕ್ಕಿಂತ ಹಿಡಿದವರು ಹೆಚ್ಚಿದ್ದರು. ಕಂಡಕ್ಟರ್ ಹಿಡಿದಿದ್ದ, ಕ್ಷೌರಿಕ ಹಿಡಿದಿದ್ದ. ತುದಿ ಫ್ರೇಮಣ್ಣನ ಕೈಯಲ್ಲಿತ್ತು.

ಮೇಜಿನ ಮೇಲೆ ಅವನ ಹೆಸರು ಬರೆದ ಪತ್ರವೂ ಇತ್ತು. ಅಕ್ಷರ ದುಂಡಗಿದ್ದವು. ಫ್ರೇಮಣ್ಣ ಅದನ್ನು ಒಂದು ಸಲ ನೋಡಿ, ಎದ್ದು ನಿಂತು, ಅಂಥವರು ಯಾರೂ ಇಲ್ಲ, ನಾನು ಹುಟ್ಟಿಸಿದ ಸುಳ್ಳು, ಆ ಪತ್ರದ ಆಸೆಗೆ ಹೇಳಿದೆ, ದಯವಿಟ್ಟು ಯಾರ ಬಾಗಿಲೂ ತಟ್ಟಬೇಡಿ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿದ.

ಹಾಲ್ ತುಂಬ ಚಪ್ಪಾಳೆ. ಕೊಟ್ಟ ಮಾತಿಗಾಗಿ ತನ್ನ ಮೇಲೇ ಕೆಸರು ಎರಚಿಕೊಳ್ಳುವ ಮನುಷ್ಯನನ್ನು ನಾನು ಇವತ್ತೇ ನೋಡಿದ್ದು ಅಂತ ಸಂಚಾಲಕಿ ಗದ್ಗದಿತಳಾದಳು. ಇಲ್ಲಮ್ಮ, ನಿಜವಾಗಿಯೂ ಸುಳ್ಳು ಅಂತ ಫ್ರೇಮಣ್ಣ ಅಂಗಲಾಚಿದ. ಅಂಗಲಾಚಿದಷ್ಟೂ ಚಪ್ಪಾಳೆ ಜೋರಾಯಿತು. ಕನ್ನಡಕದ ಮುದುಕರು ಎದ್ದೇ ನಿಂತರು. ಇಂಥವರು ಇಷ್ಟು ಕಾಪಾಡುವ ಆ ಜೀವವನ್ನು ಇವತ್ತೇ ಹುಡುಕೋಣ, ಈಗಲೇ ಹೊರಡೋಣ ಅಂತ ಕಂಡಕ್ಟರ್ ಚಪ್ಪಲಿ ಮೆಟ್ಟಿಕೊಂಡ. ಜನ್ಮದಲ್ಲಿ ಮೊದಲ ಸಲ ಊರೆಲ್ಲ ತನ್ನನ್ನು ಹೊಗಳುತ್ತಿದೆ, ತಾನೋ ಒಂದು ಬೈಗುಳಕ್ಕಾಗಿ ಕೈ ಮುಗಿಯುತ್ತಿದ್ದೇನೆ. ಫ್ರೇಮಣ್ಣನ ಬೆನ್ನಿನ ಮೇಲೆ ಬೆವರು ಹರಿಯಿತು.

ಆಗ ಹಿಂದಿನಿಂದ ಹೆಂಡತಿ ಎದ್ದಳು.

"ಅವರು ಹೇಳ್ತಿರೋದು ನಿಜ," ಅಂದಳು. "ಗುಟ್ಟು ಕಾಪಾಡೋ ಶಕ್ತಿ ಇವರಿಗಿಲ್ಲ. ನಾನು ಹೆಂಡತಿ, ನನಗೆ ಗೊತ್ತು."

ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಸಭೆಗೂ ಬೇಕಾಗುವುದಿಲ್ಲ. ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಹಾಗೇ ನಿಂತವು. ಸಂಚಾಲಕಿಯ ಮುಖ ಗಟ್ಟಿಯಾಯಿತು. ಕನ್ನಡಕದ ಮುದುಕರು ಮೆಲ್ಲಗೆ ಕೂತರು. ಕ್ಷೌರಿಕ ಮಣಿಕಟ್ಟಿನ ದಾರ ಬಿಚ್ಚಲು ಹಲ್ಲಿನಿಂದ ಗಂಟು ಹಿಡಿದ, ಅವನ ಮುಖ ನೋಡಲಾಗುತ್ತಿರಲಿಲ್ಲ. ಗುಟ್ಟುಗಳೆಲ್ಲ ಉಳಿದಿದ್ದವು, ಫ್ರೇಮಣ್ಣನ ಮಾನವೊಂದು ಹೋಗಿತ್ತು. ಅವನು ತಲೆ ತಗ್ಗಿಸಿ ನಿಂತಿದ್ದ. ಹೇಗೂ ಕೆಲಸ ಆಯಿತಲ್ಲ ಅಂತ ಒಳಗೊಂದು ಸಮಾಧಾನವೂ ಇತ್ತು, ಆದರೆ ಕಾಲು ಅಂಗಡಿಯ ಕಡೆ ಓಡಲು ತಯಾರಾಗಿದ್ದವು.

ದೊಡ್ಡ ಕುರ್ಚಿ ಸದ್ದು ಮಾಡಿತು. ಭಾವನವರು ಎದ್ದು ದಾರಗಳನ್ನು ದಾಟಿಕೊಂಡು ನೇರ ಅವನ ಹತ್ತಿರ ಬಂದರು. ಹೊಡೆಯುತ್ತಾರೆ ಅಂತಲೇ ಎಲ್ಲರೂ ತಿಳಿದರು. ಫ್ರೇಮಣ್ಣನೂ ಕೆನ್ನೆ ಸಿದ್ಧ ಮಾಡಿಕೊಂಡ. ಅವರು ಜೇಬಿನಿಂದ ಕೈ ತೆಗೆದು, ಫ್ರೇಮಣ್ಣನ ಬೆರಳುಗಳಿಂದ ದಾರದ ತುದಿ ಬಿಡಿಸಿಕೊಂಡು, ತಾವು ಹಿಡಿದರು.

ದಾರ ನಡುಗಿತು. ಇಲ್ಲಿಂದ ಶುರುವಾಗಿ ಗಾಲಿಕುರ್ಚಿಯವರ ಕೈಗೆ, ಅಲ್ಲಿಂದ ಊಟದವರ ಕೈಗೆ, ಕೋರ್ಟಿನವರಿಗೆ, ಕಂಡಕ್ಟರನಿಗೆ, ಇಡೀ ಹಾಲಿನ ಅಷ್ಟೂ ಹಸಿರು ಎಳೆಗಳು ಸಣ್ಣಗೆ ನಡುಗತೊಡಗಿದವು. ಹಿಡಿದವರೆಲ್ಲ ತಂತಮ್ಮ ಅಂಗೈ ನೋಡಿಕೊಂಡರು. ದಾರ ಬಿಟ್ಟಿದ್ದವರು ಒಬ್ಬೊಬ್ಬರಾಗಿ ಬಗ್ಗಿ ಮತ್ತೆ ಹಿಡಿದುಕೊಂಡರು. ಫ್ರೇಮಣ್ಣ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಒಂದು ಕೈಯ ನಡುಕ ಅಷ್ಟು ಜನರ ಕೈಯಲ್ಲಿ ಹಂಚಿಹೋಗುವುದನ್ನು ಅವನು ಕಣ್ಣಾರೆ ಕಂಡ.

"ಇವನು ಹೇಳಿದ್ದು ಸುಳ್ಳು," ಅಂದರು ಭಾವನವರು. "ಆದರೆ ಆ ಮನುಷ್ಯ ಇದ್ದಾನೆ. ನಾನೇ."

ಅದರ ಬೆನ್ನಿಗೇ ಪತ್ರಿಕೆ ಮಡಿಸುವ ಸದ್ದು ಕೇಳಿಸಿತು. ಹೆಡ್‌ಮೇಡಂ ಗಂಟಲು ಸರಿಮಾಡಿಕೊಂಡು, ತರಗತಿಯ ದನಿಯಲ್ಲಿ, ಕನ್ನಡಕದವರು ಎಲ್ಲಿ ಕೂತಿದ್ದೀರಿ, ಕೈ ಎತ್ತಿ ಪ್ರಯೋಜನವಿಲ್ಲ, ನನಗೆ ಕಾಣುವುದಿಲ್ಲ, ಬಾಯಿಬಿಟ್ಟು ಹೇಳಿ ಅಂದರು. ಹಾಲ್ ಗೊಳ್ಳೆಂದು ನಕ್ಕಿತು. ನಗುತ್ತ ನಗುತ್ತಲೇ ಹಲವರು ಮೂಗು ಸೀಟಿಕೊಂಡರು. ಚಪ್ಪಲಿ ಅಂಗಡಿಯವನೂ ಯಾರ ಕಿವಿಯಲ್ಲೋ ಏನೋ ಹೇಳುತ್ತಿದ್ದ.

ಫ್ರೇಮಣ್ಣನ ಹೆಂಡತಿ ದಾರಗಳ ನಡುವೆ ದಾರಿ ಮಾಡಿಕೊಂಡು ಬಂದಳು. ಅರ್ಧ ದಾರ ಅವಳ ಕಾಲಿಗೆ, ಅರ್ಧ ಬಳೆಗೆ ಸುತ್ತಿಕೊಂಡಿತ್ತು. ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. ನಡುಕ ನಿಲ್ಲಲಿಲ್ಲ. ಇಷ್ಟಕ್ಕಾ ನನ್ನ ಮನೆಯ ಹೊಸಿಲು ತುಳಿಯಲಿಲ್ಲ, ನಾನು ಏನೇನೋ ಅಂದುಕೊಂಡೆನಲ್ಲ ಅಂತ ಅಣ್ಣನನ್ನು ಬೈಯತೊಡಗಿದಳು. ಬೈಗುಳ ನಡುವೆಯೇ ಮುರಿದು ಅಳುವಾಯಿತು. ಭಾವನವರು ತಪ್ಪಾಯ್ತು ಅಂದರು. ಆ ಮಾತು ಅವರ ಬಾಯಿಂದ ಬಂದದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಪತ್ರದ ಸಂಗತಿ ಯಾರಿಗೂ ನೆನಪಾಗಲಿಲ್ಲ, ಫ್ರೇಮಣ್ಣನಿಗೂ. ಸುಳ್ಳು ಹೇಳಿದ್ದಕ್ಕೆ ಸಂಚಾಲಕಿ ಆಮೇಲೆ ಅವನನ್ನು ಮೂಲೆಗೆ ಕರೆದು ಸರಿಯಾಗಿ ಉಗಿದಳು. ಅವನು ತಲೆಯಾಡಿಸುತ್ತ ಅಷ್ಟನ್ನೂ ಸಂತೋಷವಾಗಿ ಕೇಳಿಸಿಕೊಂಡ.

ಮುಂದಿನ ವಾರ ಭಾವನವರು ಊಟಕ್ಕೆ ಬಂದರು. ನಡುಗುವ ಕೈಗೆ ಔಷಧಿಯ ಜೊತೆ ಅಭ್ಯಾಸವೂ ಬೇಕು ಅಂತ ಹೇಳಿ ಒಕ್ಕೂಟದವರು ಹಿಡಿ ದಪ್ಪಗಿರುವ, ತೂಕದ ಚಮಚವೊಂದನ್ನು ಕೊಟ್ಟಿದ್ದರು. ಗಾಲಿಕುರ್ಚಿಯವರು ಡ್ರಿಲ್ ಮಾಸ್ಟರನ್ನು ಮಹಡಿಯಿಂದ ಎತ್ತಿ ತಂದಿದ್ದರು, ಅವರು ನೆಲದ ಮೇಲೆ ಪಾದ ಒತ್ತಿ ಒತ್ತಿ ನೋಡುತ್ತಿದ್ದರು. ಹೆಡ್‌ಮೇಡಂ ಹೊಸ ಕನ್ನಡಕ ಹಾಕಿಕೊಂಡು ಬಂದು, ಫ್ರೇಮಣ್ಣ, ನಿನಗೆ ಇಷ್ಟೊಂದು ವಯಸ್ಸಾಗಿದೆಯೇನೋ ಅಂತ ಕೇಳಿದರು.

ತಂಗಿ ಅಣ್ಣನ ಎದುರಿಗೇ ಕೂತಳು. ಭಾವನವರು ಚಮಚ ಎತ್ತಿದರು. ಮೊದಲ ತುತ್ತು ಅರ್ಧ ಬಾಯಿಗೆ, ಅರ್ಧ ಅಂಗಿಯ ಮೇಲೆ. ಎರಡನೆಯದು ಮೇಜಿನ ಮೇಲಿನ ಹೊಸ ಬಟ್ಟೆಗೆ. ಎಲ್ಲರೂ ಆ ಕಡೆ ನೋಡದಿರಲು ಹೆಣಗುತ್ತಿದ್ದರು. ಫ್ರೇಮಣ್ಣ ಉಸಿರು ಬಿಗಿಹಿಡಿದು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಅವಳೊಬ್ಬಳೇ ಕಣ್ಣು ಕೀಳದೆ ನೋಡುತ್ತಿದ್ದಳು, ಮೇಜು ಕೊಳೆಯಾದದ್ದು ಕಂಡರೂ ಕಾಣದವಳಂತೆ. ಭಾವನವರ ತಟ್ಟೆ ಹಾಗೂ ಹೀಗೂ ಖಾಲಿಯಾಯಿತು. ಅವಳು ಸೌಟು ತೆಗೆದುಕೊಂಡಳು.

"ಇನ್ನೊಂದು ಸ್ವಲ್ಪ ಹಾಕ್ಲಾ, ಅಣ್ಣ?"

ಭಾವನವರು ಟವಲ್ ಹುಡುಕಲಿಲ್ಲ, ಬಾಗಿಲ ಕಡೆ ನೋಡಲಿಲ್ಲ. ತಟ್ಟೆಯನ್ನು ನಡುಗುವ ಎರಡೂ ಕೈಯಲ್ಲಿ ಎತ್ತಿ ತಂಗಿಯ ಮುಂದೆ ಹಿಡಿದರು.

"ಹಾಕು," ಅಂದರು.